ಗಣಪಯ್ಯನವರ ಮುಖ

ವೀಣಾ ಬಚ್ಚಲುಮನೆಯ ಬಾಗಿಲನ್ನು ಮೂರನೆಯ ಸಲ ಬಡಿದಾಗ ಮಲ್ಲಿಕ್ ಗಣಪಯ್ಯನವರ ಗದ್ದದ ಕೆಳಗೆ ತೊಳೆಯುತ್ತಿದ್ದ. ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ಅದರಲ್ಲಿ ಎಂಟೇ ಎಂಟು ತೊಟ್ಟು ಮಕ್ಕಳ ಶಾಂಪೂ. ಒಂಬತ್ತನೆಯದು ಬಿದ್ದುಬಿಟ್ಟಿತೆಂದು ಒಮ್ಮೆ ನೀರನ್ನೆಲ್ಲ ಚೆಲ್ಲಿ ಹೊಸದಾಗಿ ಹಿಡಿದದ್ದೂ ಆಗಿತ್ತು. ನೀರಿನ ಮೇಲೆ ಅಂಗಾತ ತೇಲುತ್ತಿದ್ದ ರಬ್ಬರಿನ ಮುಖ ಕಣ್ಣಿನ ತೂತುಗಳಿಂದ ಚಾವಣಿಯನ್ನು ನೋಡುತ್ತಿತ್ತು. ಸ್ಪಂಜಿನಿಂದ ಉಜ್ಜಬಾರದು, ಒತ್ತಿ ಎತ್ತಬೇಕು. ಉಜ್ಜಿದರೆ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ಗಣಪಯ್ಯನವರ ಕೆನ್ನೆಯ ಮೇಲಿನ ಆ ಕಂದು ಮಚ್ಚೆ ಹೋಗುತ್ತದೆ.

"ಒಳಗೆ ಎಷ್ಟು ಜನ ಇದೀರ?" ಎಂದಳು ವೀಣಾ.

"ನಾನೊಬ್ನೇ."

"ಮತ್ತೆ ಅವಾಗಿಂದ ಕ್ಷಮಿಸಿ ಸಾರ್, ಕ್ಷಮಿಸಿ ಸಾರ್ ಅಂತ ಯಾರಿಗೆ ಹೇಳ್ತಿದೀರ?"

ಹಾಗೆ ಹೇಳುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಸ್ಪಂಜು ಕೈಯಲ್ಲಿ ಹಾಗೇ ನಿಂತಿತು. ಎಷ್ಟು ಹೊತ್ತಿನಿಂದ ಹೇಳುತ್ತಿರಬಹುದು? ಇವತ್ತು ಮಾತ್ರವೋ, ಪ್ರತಿ ವರ್ಷ ತೊಳೆಯುವಾಗಲೂ ಹೇಳುತ್ತಿದ್ದನೋ? ಹೇಳುತ್ತಿದ್ದರೆ ಪಕ್ಕದ ಮನೆಯ ಬಚ್ಚಲಿಗೂ ಕೇಳಿಸಿರುತ್ತದೆ. ಗೋಡೆ ಒಂದೇ.

"ಒಂಬತ್ತೂವರೆಗೆ ಬ್ಯಾಂಕಲ್ಲಿ ಇರ್ಬೇಕು ನಾನು. ಅವರಿಗೊಂದು ಟವಲ್ ಸುತ್ತಿ ಆಚೆ ಕರ್ಕೊಂಡು ಬನ್ನಿ."

ವೀಣಾಗೆ ಮುಖವಾಡಗಳ ಮೇಲೆ ದ್ವೇಷವೇನೂ ಇರಲಿಲ್ಲ. ಅದೇ ಮಲ್ಲಿಕ್‌ಗೆ ಕಷ್ಟ. ದ್ವೇಷಿಸಿದ್ದರೆ ವಾದ ಮಾಡಬಹುದಿತ್ತು. ರಾಗಿಗುಡ್ಡದ ಹತ್ತಿರದ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಂದು ಕೋಣೆಯನ್ನು ಹದಿನೇಳು ಮುಖವಾಡಗಳಿಗೆ ಬಿಟ್ಟುಕೊಟ್ಟು, ತನ್ನ ಹೊಲಿಗೆ ಯಂತ್ರವನ್ನು ಅಡಿಗೆಮನೆಯ ಮೂಲೆಗೆ ತಂದಿಟ್ಟುಕೊಂಡಿದ್ದಳು. ಬಂದವರು ಕೇಳಿದರೆ "ಅದು ಅವರ ಕಡೆಯವರ ಕೋಣೆ" ಎನ್ನುತ್ತಿದ್ದಳು. ಕಿಟಕಿಗೆ ಎರಡು ಪದರ ಕಪ್ಪು ಬಟ್ಟೆ, ಏಕೆಂದರೆ ಬಿಸಿಲು ರಬ್ಬರನ್ನು ಸೀಳುತ್ತದೆ. ಒಳಗೆ ತಾಮ್ರದ ಚೊಂಬು ತರುವಂತಿಲ್ಲ, ತಾಮ್ರ ತಗುಲಿದರೆ ರಬ್ಬರು ಕೆಡುತ್ತದೆ. ಒಮ್ಮೆ ಅತ್ತೆ ಪದ್ಮಮ್ಮ ಆ ಕೋಣೆಯಲ್ಲಿ ಮಲಗಿ, ನಸುಕಿನಲ್ಲಿ ಎದ್ದು, ಕಪಾಟಿನ ಬಾಗಿಲು ತೆರೆದುಕೊಂಡದ್ದರಿಂದ ಗೊರಿಲ್ಲಾ ಒಂದನ್ನು ಕಂಡು, ಅಂದಿನಿಂದ ಮಗಳ ಮನೆಗೆ ಬಂದರೆ ಸಂಜೆಯ ಬಸ್ಸಿಗೇ ಹೊರಟುಬಿಡುತ್ತಿದ್ದರು. ಮಲ್ಲಿಕ್‌ಗೆ ಪಾಪ ಅನ್ನಿಸಿತ್ತು. ಆದರೆ ಪಾಪ ಅನ್ನಿಸಿದ ಮೇಲೆ ಅವನು ಮೊದಲು ಮಾಡಿದ ಕೆಲಸ ಗೊರಿಲ್ಲಾದ ಕಿವಿ ಮಡಚಿಕೊಂಡಿದೆಯೋ ಎಂದು ನೋಡಿದ್ದು. ಅದನ್ನು ವೀಣಾ ನೋಡಿದ್ದಳು.

ನವುಲೆಯ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಅವನಿಗೆ ಪ್ರಯೋಗಶಾಲೆಯ ಸಹಾಯಕನ ಕೆಲಸ. ಅಲ್ಲಿ ಅವನಿಗೆ ಮುಖದ ಮೇಷ್ಟ್ರು ಎಂದು ಹೆಸರು. ಮುಚ್ಚಿಹೋದ ನಾಟಕದ ಸಾಮಾನಿನ ಅಂಗಡಿಗಳಿಂದ, ಫೋನಿನಲ್ಲಿ ಪರಿಚಯವಾದ ಸಂಗ್ರಾಹಕರಿಂದ, ಯಾರದೋ ಅಟ್ಟದಿಂದ ತಂದವು ಉಳಿದ ಹದಿನಾರು. ಅವನ್ನು ಅವನು ಜನರಿಗೆ ತೋರಿಸುತ್ತಿದ್ದ, ವಿವರಿಸುತ್ತಿದ್ದ. ಹದಿನೇಳನೆಯದನ್ನು ಮಾತ್ರ ಮನೆಯ ಹೊರಗೆ ಯಾರಿಗೂ ತೋರಿಸಿರಲಿಲ್ಲ. ನಿಜ ಹೇಳಬೇಕೆಂದರೆ ಹದಿನೇಳನೆಯದೇ ಮೊದಲನೆಯದು. ಅದೊಂದನ್ನು ಬಚ್ಚಿಡಲು ಜಾಗ ಬೇಕಾಗಿ ಉಳಿದವು ಬಂದವೇನೋ ಎಂದು ಕೆಲವೊಮ್ಮೆ ಅವನಿಗೆ ಅನುಮಾನವಾಗುತ್ತಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಭದ್ರಾವತಿಯ ಒಂದು ಸಹಕಾರಿ ಮುದ್ರಣಾಲಯದಲ್ಲಿ ಮಲ್ಲಿಕ್ ಕರಡು ತಿದ್ದುತ್ತಿದ್ದ. ಗಣಪಯ್ಯನವರು ಅಲ್ಲಿ ಮ್ಯಾನೇಜರು. ಸಂಜೆ ಗೇಟಿನಲ್ಲಿ ನಿಂತು, ಯಾರಾದರೂ ಬಿಳಿ ಕಾಗದ ಒಯ್ಯುತ್ತಿದ್ದಾರೋ ಎಂದು ಎಲ್ಲರ ಊಟದ ಡಬ್ಬಿ ತೆಗೆಸಿ ಮೂಸಿ ನೋಡುತ್ತಿದ್ದರು. ಡಬ್ಬಿಯಲ್ಲಿ ಕಾಗದ ಸಿಗದಿದ್ದರೂ ಉಳಿದ ಉಪ್ಪಿನಕಾಯಿ ಸಿಗುತ್ತಿತ್ತು, ಅದರ ಬಗ್ಗೆ ಅಭಿಪ್ರಾಯ ಹೇಳುತ್ತಿದ್ದರು. ಆ ವರ್ಷದ ಆಯುಧಪೂಜೆಗೆ ಮನರಂಜನೆ ಎಂದು ಗೊತ್ತಾದಾಗ ವೇಷಭೂಷಣದ ಪುಟ್ಟಣ್ಣನ ಕೈಯಲ್ಲಿ ಗಣಪಯ್ಯನವರ ಮುಖ ಮಾಡಿಸುವ ಯೋಚನೆ ಯಾರಿಗೆ ಹೊಳೆಯಿತೋ. ಮಲ್ಲಿಕ್‌ಗೇ ಹೊಳೆದದ್ದು. ಯಾರಿಗೆ ಹೊಳೆಯಿತೋ ಎಂದುಕೊಳ್ಳುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಪುಟ್ಟಣ್ಣ ನಾಲ್ಕು ದಿನ ಮುದ್ರಣಾಲಯದ ಎದುರಿನ ಚಹಾದಂಗಡಿಯಲ್ಲಿ ಕೂತು ಗಣಪಯ್ಯನವರನ್ನು ನೋಡಿ, ಜೇಡಿಮಣ್ಣಿನಲ್ಲಿ ತಿದ್ದಿ, ಅಚ್ಚು ತೆಗೆದು ರಬ್ಬರು ಹಾಲು ಹುಯ್ದಿದ್ದ. ಬೊಕ್ಕತಲೆ, ಜೋಲುಬಿದ್ದ ಕೆನ್ನೆ, ಗಂಟಿಕ್ಕಿದ ಹುಬ್ಬು, ಬಾಚಣಿಗೆಯಂಥ ಮೀಸೆ. ಅದನ್ನು ಹಾಕಿಕೊಂಡು ಮಲ್ಲಿಕ್ ವೇದಿಕೆಯ ಮೇಲೆ ಒಂದು ಡಬ್ಬಿ ತೆಗೆದು ಮೂಸಿದ. ಮುದ್ರಣಾಲಯವೇ ಬಿದ್ದು ಬಿದ್ದು ನಕ್ಕಿತು. ಮುಖವಾಡದ ತೂತುಗಳಿಂದ ನೋಡಿದರೆ ಮೊದಲ ಸಾಲಿನಲ್ಲಿ ಗಣಪಯ್ಯನವರೂ ನಗುತ್ತಿದ್ದರು, ತೊಡೆ ತಟ್ಟಿ ನಗುತ್ತಿದ್ದರು, ಕಣ್ಣಲ್ಲಿ ನೀರು. ಎಷ್ಟು ಕಷ್ಟದಲ್ಲಿ ನಗುತ್ತಿದ್ದಾರೆ ಎಂದು ರಬ್ಬರಿನ ಒಳಗೆ ಬೆವರುತ್ತ ಮಲ್ಲಿಕ್‌ಗೆ ಆಗಲೇ ಅನ್ನಿಸಿಬಿಟ್ಟಿತ್ತು. ಮೂರು ತಿಂಗಳಿಗೆ ಸರಿಯಾಗಿ ಗಣಪಯ್ಯನವರು ಸ್ವಯಂನಿವೃತ್ತಿ ತೆಗೆದುಕೊಂಡರು. ಇನ್ನೂ ಸರ್ವಿಸಿತ್ತು. ಬೀಳ್ಕೊಡುಗೆಯ ದಿನ ಮಲ್ಲಿಕ್ ಜ್ವರವೆಂದು ರಜೆ ಹಾಕಿದ. ಮರುದಿನ ಅವನಿಗೆ ನಿಜವಾಗಿ ಜ್ವರ ಬಂತು. ಅದರಿಂದ ಸ್ವಲ್ಪ ಸಮಾಧಾನವಾಯಿತು.

ಸುಟ್ಟುಬಿಡಬೇಕೆಂದು ಆ ಮುಖವಾಡವನ್ನು ಮನೆಗೆ ತಂದಿದ್ದ. ರಬ್ಬರು ಸುಟ್ಟರೆ ವಾಸನೆ, ಅಕ್ಕಪಕ್ಕದವರು ಕೇಳುತ್ತಾರೆ. ಹೊಳೆಗೆ ಬಿಟ್ಟರೆ ತೇಲುತ್ತದೆ. ಭದ್ರೆಯ ನೀರಿನಲ್ಲಿ ಗಣಪಯ್ಯನವರು ಮೇಲೆ ನೋಡುತ್ತ ಹೊಳೆಹೊನ್ನೂರಿನವರೆಗೆ ಹೋಗುವುದು ಕಣ್ಣಿಗೆ ಕಟ್ಟಿ, ಅದನ್ನೂ ಬಿಟ್ಟ. ಟ್ರಂಕಿನಲ್ಲಿಟ್ಟ. ಆರು ತಿಂಗಳಿಗೆ ತೆಗೆದು ನೋಡಿದರೆ ಮೂಗು ಒಂದು ಕಡೆ ಮಡಚಿ ಗೆರೆ ಬಿದ್ದಿತ್ತು. ಆ ಗೆರೆ ಕಂಡಾಗ ತಾನು ಎರಡನೆಯ ಸಲ ಅವರಿಗೆ ಏನೋ ಮಾಡಿದೆ ಎನ್ನಿಸಿತು. ಅವತ್ತಿನಿಂದ ಕಲಿತದ್ದು ಇದೆಲ್ಲ: ಒಳಗೆ ಬಿಳಿ ಕಾಗದವನ್ನು ಉಂಡೆ ಮಾಡಿ ತುಂಬುವುದು, ಸುದ್ದಿಪತ್ರಿಕೆ ತುಂಬಿದರೆ ಮಸಿ ಅಂಟುತ್ತದೆ. ನೆರಳಲ್ಲಿ ಒಣಗಿಸುವುದು. ಗಡ್ಡದ ಬ್ರಷ್ಷಿನಿಂದ ಒಳಮೈಗೆ ಪೌಡರು ಬಳಿಯುವುದು, ಒಂದಕ್ಕೊಂದು ಅಂಟದಂತೆ. ತನ್ನ ತಂದೆಯ ಕಾಲನ್ನು ಅವನು ಇಷ್ಟು ಜೋಪಾನವಾಗಿ ತೊಳೆದವನಲ್ಲ.

ಗುರುವಾರ ಮಧ್ಯಾಹ್ನ ಬಂದ ಫೋನಿನಲ್ಲಿ ಒಂದು ಹೆಣ್ಣುಧ್ವನಿ, "ನಾನು ಲಿಖಿತಾ ಸಾರ್, ಭದ್ರಾವತಿ ಪ್ರೆಸ್ಸಲ್ಲಿದ್ರಲ್ಲ ಗಣಪಯ್ಯ, ಅವರ ಮಗಳು" ಎಂದಿತ್ತು. "ಅಪ್ಪಂಗೆ ಆ ಮುಖ ಒಂದ್ಸಲ ನೋಡ್ಬೇಕಂತೆ. ಅವತ್ತು ಅದನ್ನ ನೀವೇ ತಗೊಂಡು ಹೋದ್ರಿ ಅಂತ ಪುಟ್ಟಣ್ಣ ಹೇಳಿದ್ರಂತೆ. ಮೂರು ದಿನದಿಂದ ಒಂದೇ ಹಟ."

"ಯಾವ ಮುಖ?" ಎನ್ನುತ್ತ ಮಲ್ಲಿಕ್ ತನ್ನ ಮುಖವನ್ನು ಮುಟ್ಟಿ ನೋಡಿಕೊಂಡಿದ್ದ.

"ಭಾನುವಾರ ಬರ್ತೀರಾ ಸಾರ್? ಅವರಿಗೆ ಎಪ್ಪತ್ತೊಂಬತ್ತು."

ಆ ವಯಸ್ಸನ್ನು ಅವಳು ಯಾಕೆ ಹೇಳಿದಳು? ಬೇಗ ಬನ್ನಿ ಎಂದೋ, ಅವರ ಮೇಲೆ ಕರುಣೆ ಇರಲಿ ಎಂದೋ, ಅಥವಾ ಎಪ್ಪತ್ತೊಂಬತ್ತು ವರ್ಷದ ಮನುಷ್ಯನಿಗೆ ನೀನು ಮಾಡಿದ್ದು ನೋಡು ಎಂದೋ? ಎರಡು ದಿನ ಅವನು ಆ ವಾಕ್ಯವನ್ನು ಕರಡಿನಂತೆ ತಿದ್ದಿದ. ಜೊತೆಗೇ ತಾನು ಹೇಳಬೇಕಾದ್ದನ್ನೂ ಸಿದ್ಧ ಮಾಡಿಕೊಂಡ. ಸಾರ್, ಆಗ ನನಗೆ ಇಪ್ಪತ್ತೈದು ವರ್ಷ. ಬೇಡ, ವಯಸ್ಸಿನ ನೆಪವಾಗುತ್ತದೆ. ಸಾರ್, ನಾನು ನಿಮಗೆ ಅವಮಾನ ಮಾಡಿದೆ. ಇದು ಸರಿ. ಆದರೆ ಅವರು "ಹೌದು, ಮಾಡಿದೆ" ಎಂದರೆ ಮುಂದೇನು? ಮುಂದಿನದು ಹೊಳೆಯಲಿಲ್ಲ. ಅದಕ್ಕೇ ಶನಿವಾರ ಮುಖ ತೊಳೆಯಲು ಕೂತ.

ಸಂಜೆ ಬ್ಯಾಂಕಿನಿಂದ ಬಂದ ವೀಣಾ, ನಿಧಾನಕ್ಕೆ ತಿರುಗುವ ಫ್ಯಾನಿನ ಕೆಳಗೆ ಥರ್ಮಕೋಲಿನ ತಲೆಯ ಮೇಲೆ ಒಣಗುತ್ತಿದ್ದ ಗಣಪಯ್ಯನವರನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇವರನ್ನ ಹೆಂಗೆ ಕರ್ಕೊಂಡು ಹೋಗ್ತೀರ?"

"ಬ್ಯಾಗಿಗೆ ಹಾಕಿದ್ರೆ ಮಡಚುತ್ತೆ. ತೊಡೆ ಮೇಲೆ ಇಟ್ಕೊಂಡು ಬಸ್ಸಲ್ಲಿ."

"ನಾನು ಬರಲ್ಲ" ಎಂದಳು ವೀಣಾ, ಕರೆಯದಿದ್ದರೂ. ಆಮೇಲೆ ಏನನ್ನಿಸಿತೋ, ಬೀರುವಿನಿಂದ ಒಂದು ಮೆತ್ತನೆಯ ಹಳೆಯ ಪಂಚೆ ತಂದುಕೊಟ್ಟಳು. "ಇದನ್ನ ಮುಚ್ಚಿ. ಮಾಫಿ ಕೇಳೋದು ಕೇಳಿ ಬನ್ನಿ. ಪಕ್ಕದ ಮನೆಯವರು ನಾನೇ ನಿಮ್ಮ ಕೈಲಿ ಕೇಳಿಸ್ತೀನಿ ಅನ್ಕೊಂಡಿದಾರೆ."

ಭದ್ರಾವತಿಯ ಬಸ್ಸಿನಲ್ಲಿ ಅವನಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಿಸಿಲು ಬೀಳುತ್ತದೆಂದು ಅದನ್ನು ಬಿಟ್ಟು ಒಳಗಿನ ಸೀಟಿಗೆ ಸರಿದ. ತೊಡೆಯ ಮೇಲೆ ತಲೆ, ತಲೆಯ ಮೇಲೆ ಪಂಚೆ, ಎರಡೂ ಬದಿಗೆ ತನ್ನ ಕೈ. ಹಾಗೆ ಕೂತಾಗ ತಾನು ಯಾರನ್ನೋ ಕೊಂದು ತಲೆ ಒಯ್ಯುತ್ತಿರುವವನಂತೆ ಕಾಣುತ್ತಿರಬಹುದೆಂದು ಹೊಳೆದು, ಅದರಲ್ಲಿ ಪೂರ್ತಿ ಸುಳ್ಳೇನೂ ಇಲ್ಲವಲ್ಲ ಎಂದೂ ಅನ್ನಿಸಿತು. ಕಿಟಕಿಯ ಪಕ್ಕಕ್ಕೆ ಒಬ್ಬ ದಪ್ಪನೆಯ ಹೆಂಗಸು ಬಂದು ಕೂತಳು. ಯಾವುದೋ ಗುಡಿಯಿಂದ ಬರುತ್ತಿದ್ದಳು. ಮಡಿಲಲ್ಲಿ ಬಾಳೆಎಲೆಯ ಪೊಟ್ಟಣ, ಮುಡಿಯಲ್ಲಿ ಸೇವಂತಿಗೆ. ಬಸ್ಸು ಊರು ದಾಟಿ ವೇಗ ಹಿಡಿದದ್ದೇ ತಡ, ಗಾಳಿ ಪಂಚೆಯನ್ನು ಎತ್ತಿತು. ಮೊದಲು ಮೀಸೆ, ಆಮೇಲೆ ಮೂಗು, ಆಮೇಲೆ ಹುಬ್ಬು. ಮಲ್ಲಿಕ್ ಪಂಚೆಯ ತುದಿ ಹಿಡಿಯುವಷ್ಟರಲ್ಲಿ ಹೆಂಗಸು ಎರಡೂ ಕೈ ಜೋಡಿಸಿ ಆಗಿತ್ತು.

"ಅಯ್ಯೋ ಶಿವನೇ. ದೇವ್ರಾ? ಮೊದಲೇ ಹೇಳ್ಬಾರ್ದೇನಪ್ಪಾ, ಕಾಲು ಚಾಚಿಬಿಟ್ಟಿದ್ನಲ್ಲ. ಯಾವ ದೇವ್ರು?"

ದೇವರಲ್ಲ ಎನ್ನಬೇಕಿತ್ತು. ದೇವರಲ್ಲದಿದ್ದರೆ ಯಾರು, ಯಾಕೆ, ಎಲ್ಲಿಗೆ ಎಂಬ ಪ್ರಶ್ನೆಗಳು ಸಾಲಾಗಿ ನಿಂತದ್ದು ಕಂಡು ಅವನ ನಾಲಿಗೆ ತಾನಾಗಿ "ಗಣಪಯ್ಯ" ಎಂದುಬಿಟ್ಟಿತು.

"ಗಣಪಯ್ಯನಾ? ಸೊಂಡಿಲೆಲ್ಲಿ?" ಎಂದು ಹಿಂದಿನ ಸೀಟಿನಿಂದ ಒಬ್ಬರು ಬಗ್ಗಿದರು.

"ಇವರು ಬೇರೆ."

"ನರರೂಪ ಇರ್ಬೇಕು" ಎಂದ ಕಂಡಕ್ಟರು, ಟಿಕೆಟಿನ ಯಂತ್ರವನ್ನು ಒಂದು ಕ್ಷಣ ಎದೆಗೆ ಒತ್ತಿಕೊಂಡು. "ಮೀಸೆ ಐತಲ್ಲ, ಉಗ್ರದೇವ್ರು. ಎಲ್ಲಿ ಪ್ರತಿಷ್ಠೆ?"

"ಪ್ರತಿಷ್ಠೆ ಅಲ್ಲ. ಅವರ ಮನೆಗೇ ಕರ್ಕೊಂಡು ಹೋಗ್ತಿದೀನಿ."

ಹಿಂದಿನ ಸೀಟಿನವರು ಚಪ್ಪಲಿ ಕಳಚಿದರು. ತಾನು ಹೇಳಿದ ನಿಜ ಇಷ್ಟು ಭಕ್ತಿಯನ್ನು ಹುಟ್ಟಿಸಬಹುದೆಂದು ಮಲ್ಲಿಕ್ ಎಣಿಸಿರಲಿಲ್ಲ. ಹೆಂಗಸು ಪೊಟ್ಟಣ ಬಿಚ್ಚಿ, ಬೆರಳನ್ನು ನಾಲಿಗೆಗೆ ಮುಟ್ಟಿಸಬಾರದೆಂದು ನೀರಿನ ಬಾಟಲಿಗೆ ಮುಟ್ಟಿಸಿ, ಕುಂಕುಮದಲ್ಲಿ ಅದ್ದಿದಳು. "ಅಮ್ಮಾ ಬೇಡ, ರಬ್ಬರು..." ಎಂದ ಮಲ್ಲಿಕ್. ಆ ಹೊತ್ತಿಗೆ ಗಣಪಯ್ಯನವರ ಹಣೆಯ ನಡುವೆ ರೂಪಾಯಿಯಗಲದ ಕುಂಕುಮ ಕೂತಾಗಿತ್ತು. ಮುಡಿಯಿಂದ ಒಂದು ಸೇವಂತಿಗೆ ಕಿತ್ತು ಕಿವಿಗೆ ಸಿಕ್ಕಿಸಿದಳು. ಹಿಂದಿನ ಸೀಟಿನವರು ಕೈ ಚಾಚಿ ಕೆನ್ನೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಇಪ್ಪತ್ತೆರಡು ವರ್ಷ ಕೈಗವಸು ಹಾಕಿಕೊಂಡು ಮುಟ್ಟಿದ ಕೆನ್ನೆ ಅದು. ಕೋಪ ಬರಬೇಕಾದ ಜಾಗದಲ್ಲಿ ಅವನಿಗೆ ಬಂದದ್ದು ವಿಚಿತ್ರವಾದ ಹೊಟ್ಟೆಕಿಚ್ಚು. ಇವರು ಎಷ್ಟು ಸಲೀಸಾಗಿ ಕೈ ಮುಗಿಯುತ್ತಾರೆ.

ಭದ್ರಾವತಿಯ ಬಸ್‌ಸ್ಟ್ಯಾಂಡಿನ ನಲ್ಲಿಯ ಹತ್ತಿರ ಅವನು ಕರವಸ್ತ್ರ ಒದ್ದೆ ಮಾಡಿ ಕುಂಕುಮವನ್ನು ಒತ್ತಿ ಎತ್ತಿದ. ಒತ್ತಿ ಎತ್ತಿದಷ್ಟೂ ಅದು ಅಗಲವಾಯಿತು. ರಬ್ಬರಿಗೆ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಬಣ್ಣ ಅದರೊಳಗೆ ಇಳಿದರೆ ಇಳಿದಂತೆಯೇ. ಐದು ನಿಮಿಷದಲ್ಲಿ ಹಣೆ ಪೂರ್ತಿ ಕೆಂಪಾಗಿ, ಎರಡು ಹನಿ ಹುಬ್ಬಿನ ಪಕ್ಕದಲ್ಲಿ ಇಳಿದು ನಿಂತವು. ಯಾರೋ ಕಲ್ಲು ಹೊಡೆದು ತಲೆ ಒಡೆದ ಹಾಗಿತ್ತು. ಮಲ್ಲಿಕ್ ನಲ್ಲಿಯ ಕಟ್ಟೆಯ ಮೇಲೆ ಕೂತ. ಸೇವಂತಿಗೆ ತೆಗೆದು ಬಿಸಾಡಲು ಹೋದ, ಪ್ರಸಾದವೆಂದು ಜೇಬಿಗೆ ಹಾಕಿಕೊಂಡ. ವಾಪಸು ಹೋಗಿಬಿಟ್ಟರೆ? ಜ್ವರವೆಂದು ಫೋನು ಮಾಡಿದರೆ? ಹಣೆ ಮುಟ್ಟಿ ನೋಡಿಕೊಂಡ. ತಣ್ಣಗಿತ್ತು. ಈ ವಯಸ್ಸಿಗೆ ಜ್ವರವೂ ಹೇಳಿದ ಹಾಗೆ ಕೇಳುವುದಿಲ್ಲ.

ಊರೊಳಗಿನ ಜನ್ನಾಪುರದ ಮನೆಯ ಬಾಗಿಲು ತೆರೆದ ಲಿಖಿತಾ, ಪಂಚೆ ಸರಿಸಿ ನೋಡಿ, "ಏನಾಯ್ತು ಸಾರ್ ಇವರಿಗೆ?" ಎಂದು ಬಾಯಿಗೆ ಕೈ ಹಿಡಿದುಕೊಂಡಳು. ಅವಳ ಹಿಂದೆ ಬಂದ ಗಣಪಯ್ಯನವರ ಹೆಂಡತಿ ಕಾಶಮ್ಮ ಮುಖವಾಡವನ್ನು ಒಮ್ಮೆ ನೋಡಿದರು, ಮಲ್ಲಿಕ್‌ನನ್ನು ಒಮ್ಮೆ ನೋಡಿದರು. ಅವರ ಮುಖ ಬಿಗಿಯಿತು. ಇವರಿಗೆ ಎಲ್ಲ ಗೊತ್ತು ಎಂದುಕೊಂಡ ಮಲ್ಲಿಕ್.

ಒಳಗೆ ಬೆತ್ತದ ಕುರ್ಚಿಯಲ್ಲಿ ಕೂತಿದ್ದವರು ಗಣಪಯ್ಯನವರು ಎಂದು ನಂಬಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಮೀಸೆ ಬೋಳಿಸಿದ್ದರು. ಕೆನ್ನೆ ಒಳಗೆ ಹೋಗಿತ್ತು, ಕತ್ತು ಅಂಗಿಯ ಕಾಲರಿನೊಳಗೆ ಕೋಲಿನಂತೆ ನಿಂತಿತ್ತು. ಗಣಪಯ್ಯನವರು ತನ್ನ ತೊಡೆಯ ಮೇಲೆ ಬಂದಿದ್ದಾರೆ, ಇಲ್ಲಿ ಇವರು ಯಾರೋ ಬೇರೆ ಎಂದೇ ಅನ್ನಿಸಿತು.

"ಬಾ ಮಾರಾಯ. ಪ್ರೂಫಿನ ಮಲ್ಲಿಕಾರ್ಜುನ ಅಲ್ವಾ ನೀನು? ದಪ್ಪ ಆಗಿದೀಯ" ಎಂದರು. ಧ್ವನಿ ಮಾತ್ರ ಅದೇ.

"ಸಾರ್" ಎಂದ ಮಲ್ಲಿಕ್, ನಿಂತೇ. "ಸಾರ್, ಅವತ್ತು ನಾನು ಮಾಡಿದ್ದು..."

"ತಡಿ ತಡಿ. ಮೊದಲು ಅವನನ್ನ ಇಲ್ಲಿ ಇಡು." ಕನ್ನಡಕ ಹಾಕಿಕೊಂಡು, ಪಂಚೆಯನ್ನು ತಾವೇ ತೆಗೆದರು. ಸ್ಟೂಲಿನ ಮೇಲೆ ಕೂತ ತಮ್ಮ ಐವತ್ತೇಳನೆಯ ವರ್ಷದ ಮುಖವನ್ನು ಬಹಳ ಹೊತ್ತು ನೋಡಿದರು. ಗೋಡೆ ಗಡಿಯಾರದ ಮುಳ್ಳಿನ ಸದ್ದು ಮಲ್ಲಿಕ್‌ನ ಹಲ್ಲಿಗೆ ತಾಗುತ್ತಿತ್ತು. ಆಮೇಲೆ ಗಣಪಯ್ಯನವರ ತುಟಿ ಅದುರಿತು.

"ಶಿವಯೋಗಪ್ಪ" ಎಂದರು. "ಅಯ್ಯೋ ಶಿವಯೋಗಪ್ಪಾ."

ಮಲ್ಲಿಕ್ ಹಿಂದೆ ತಿರುಗಿ ನೋಡಿದ. ಬಾಗಿಲಲ್ಲಿ ಯಾರೂ ಬಂದಿರಲಿಲ್ಲ. ಶಿವಯೋಗಪ್ಪ ಮುದ್ರಣಾಲಯದ ಕಾರ್ಯದರ್ಶಿ. ಅವರಿಗೂ ಮೀಸೆಯಿತ್ತು, ನಿಜ. ಬೊಕ್ಕತಲೆಯಿತ್ತು, ಅದೂ ನಿಜ. ಆದರೆ ಅವರದು ಉದ್ದ ಮುಖ, ಕುದುರೆಯ ಹಾಗೆ.

"ಅವನೇ ಅವನೇ. ಈ ಕೊಬ್ಬಿದ ಕೆನ್ನೆ ನೋಡು. ಈ ಹುಬ್ಬು ನೋಡು, ಲೋಕಾನೆಲ್ಲ ತಾನೇ ಹೊತ್ತಿದೀನಿ ಅನ್ನೋ ಗತ್ತು. ನಾನು ಅವತ್ತು ಎಷ್ಟು ನಕ್ಕೆ ಗೊತ್ತಾ ನಿಂಗೆ? ಗೇಟಲ್ಲಿ ನಿಂತು ಡಬ್ಬಿ ಮೂಸಿದ್ಯಲ್ಲ!"

"ಸಾರ್, ಡಬ್ಬಿ ಮೂಸ್ತಿದ್ದವರು..."

"ಅವನೇ! ನನ್ನ ಕೈಲಿ ಮೂಸಿಸ್ತಿದ್ದ. ಆರ್ಡರು ಅವನದು, ಮೂಗು ನಂದು. ನೀನು ಅದನ್ನ ಕರೆಕ್ಟಾಗಿ ಹಿಡಿದೆ."

ಗೋಡೆಗೆ ಸಣ್ಣದೊಂದು ಕನ್ನಡಿ ತೂಗುಹಾಕಿತ್ತು. ಮನುಷ್ಯ ತನ್ನ ಮುಖವನ್ನು ಎದುರಿನಿಂದ, ಕ್ಷೌರದ ನೊರೆಯ ನಡುವೆ, ಹುಬ್ಬು ಸಡಿಲಿಸಿಕೊಂಡು ಮಾತ್ರ ನೋಡಿಕೊಳ್ಳುತ್ತಾನೆ, ಗೇಟಿನಲ್ಲಿ ನಿಂತ ತನ್ನ ಮುಖವನ್ನು ಅವನು ಯಾವತ್ತೂ ಕಂಡಿರುವುದಿಲ್ಲ ಎಂಬ ಸರಳ ವಿಷಯ ಇಷ್ಟು ವರ್ಷ ತನಗೆ ಹೊಳೆಯಲೇ ಇಲ್ಲವಲ್ಲ. ಮಲ್ಲಿಕ್ ಮೆಲ್ಲನೆ ಕುರ್ಚಿಯಲ್ಲಿ ಕೂತ. ಹಾಗಾದರೆ ಆ ನಗು ನಿಜವಾದ ನಗು. ಹಾಗಾದರೆ ನಿವೃತ್ತಿ?

"ಮತ್ತೆ ಸಾರ್, ನೀವು ಮೂರೇ ತಿಂಗಳಿಗೆ ಕೆಲಸ ಬಿಟ್ರಲ್ಲ..."

"ಮೂಲವ್ಯಾಧಿ ಮಾರಾಯ. ಕೂರೋ ಹಾಗಿಲ್ಲ, ಕೂರದೆ ಮ್ಯಾನೇಜರ್ ಕೆಲಸ ಇಲ್ಲ. ಎರಡು ಆಪರೇಷನ್ ಆಯ್ತು." ಅಷ್ಟು ಹೇಳಿ ಮತ್ತೆ ಮುಖವಾಡದ ಕಡೆ ತಿರುಗಿದರು. "ಹೋದ ತಿಂಗಳು ಹೋಗ್ಬಿಟ್ಟ ಇವನು. ಗೊತ್ತಾಯ್ತಾ ನಿಂಗೆ? ಇಪ್ಪತ್ತೆರಡು ವರ್ಷ ಮಾತಿರಲಿಲ್ಲ ನಮ್ಮಿಬ್ಬರಿಗೂ. ಒಂದು ಫ್ಯಾನಿನ ವಿಷಯ. ಫ್ಯಾನು ನನ್ನ ಟೇಬಲ್ ಮೇಲೆ ಇರ್ಬೇಕಾ, ಅವನ ಟೇಬಲ್ ಮೇಲೆ ಇರ್ಬೇಕಾ ಅಂತ. ಮಣ್ಣಿಗೂ ಹೋಗಲಿಲ್ಲ ನಾನು. ಎರಡು ಬೀದಿ ಆಚೆ ಮನೆ. ಮಂಡಿನೋವು ಅಂದೆ. ಮಂಡಿನೋವು ಇತ್ತು, ಆದ್ರೆ ಹೋಗಕ್ಕೇ ಆಗದಷ್ಟೇನೂ ಇರಲಿಲ್ಲ." ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. "ಆಮೇಲೆ ಒಂದ್ಸಲ ಮುಖ ನೋಡ್ಬೇಕು ಅನ್ನಿಸ್ತು. ಫೋಟೋದಲ್ಲಿ ಎಲ್ಲರೂ ಒಳ್ಳೆಯವರ ಹಾಗೆ ಇರ್ತಾರೆ. ಇವನು ಇದ್ದ ಹಾಗೆ ನೋಡ್ಬೇಕಿತ್ತು."

ಈಗ ಹೇಳಬೇಕು. ಸಾರ್, ಇದು ಶಿವಯೋಗಪ್ಪ ಅಲ್ಲ, ನೀವು. ಐದಾರು ಮಾತು, ಎರಡು ದಿನ ತಿದ್ದಿದ ಕರಡಿಗಿಂತ ಚಿಕ್ಕದು. ಹೇಳಿದರೆ ಕ್ಷಮೆ ಕೇಳಬಹುದು. ಕ್ಷಮೆ ಕೇಳಬೇಕಾದರೆ ಮೊದಲು ಅವಮಾನ ಮಾಡಬೇಕು, ಇಪ್ಪತ್ತೆರಡು ವರ್ಷ ಆಗದೇ ಇದ್ದ ಅವಮಾನವನ್ನು ಈಗ, ಈ ಬೆತ್ತದ ಕುರ್ಚಿಯ ಎದುರು, ಹೊಸದಾಗಿ. ತನ್ನ ಎದೆಯ ಭಾರ ಇಳಿಸಲು ಈ ಕೋಲುಕತ್ತಿನ ಮೇಲೆ ಇಡಬೇಕು. ಅವನು ಬಾಯಿ ತೆರೆದ. ಆಗ ಕಾಶಮ್ಮ ಕಾಫಿಯ ಲೋಟವನ್ನು ಅವನ ಮುಂದೆ ಠಣ್ಣೆಂದು ಇಟ್ಟರು. ಅವನು ಕಾಫಿ ಕುಡಿದ. ನಾಲಿಗೆ ಸುಟ್ಟಿತು. ಆ ಉರಿಯಲ್ಲಿ ಮಾತು ಎಲ್ಲೋ ಹೋಯಿತು.

"ಹಣೆಗೇನಾಯ್ತು ಇವನಿಗೆ?" ಎಂದರು ಗಣಪಯ್ಯನವರು.

"ಬಸ್ಸಲ್ಲಿ ಒಬ್ಬರು ದೇವರು ಅಂತ ಕುಂಕುಮ ಇಟ್ರು ಸಾರ್."

ಗಣಪಯ್ಯನವರು ಕುರ್ಚಿಯ ಕೈ ಹಿಡಿದು ಕೆಮ್ಮು ಬರುವವರೆಗೂ ನಕ್ಕರು. "ಶಿವಯೋಗಪ್ಪಂಗೆ ಬಸ್ಸಲ್ಲಿ ಪೂಜೆ! ಬದುಕಿದ್ದಾಗ ಎದ್ದು ಸೀಟು ಕೊಟ್ಟೋರಿಲ್ಲ. ಲೇ, ಕೊಬ್ಬರಿ ಎಣ್ಣೆ ತಾರೇ. ಕುಂಕುಮ ಎಣ್ಣೆಗೆ ಬಿಡುತ್ತೆ."

ಮಲ್ಲಿಕ್ ಎದ್ದು ನಿಂತ. ಎಣ್ಣೆ! ನೀರಿಗೆ, ಸೋಪಿಗೆ, ಬೆವರಿಗೂ ತಡೆಯುತ್ತದೆ ರಬ್ಬರು, ಎಣ್ಣೆಯನ್ನು ಮಾತ್ರ ಕುಡಿದುಬಿಡುತ್ತದೆ. ಕುಡಿದು ಊದುತ್ತದೆ, ಮೆತ್ತಗಾಗುತ್ತದೆ, ತಿಂಗಳೊಳಗೆ ಬೆರಳಿಗೆ ಅಂಟುವ ಬೆಲ್ಲದ ಪಾಕವಾಗುತ್ತದೆ. ಅದಕ್ಕೆ ಮದ್ದಿಲ್ಲ. "ಸಾರ್, ಎಣ್ಣೆ..." ಎನ್ನುವಷ್ಟರಲ್ಲಿ ಲಿಖಿತಾ ಬಟ್ಟಲು ತಂದಿದ್ದಳು. ಗಣಪಯ್ಯನವರ ಹೆಬ್ಬೆರಳು ಎಣ್ಣೆಯಲ್ಲಿ ಅದ್ದಿ ಹಣೆಯ ಮೇಲೆ ಸುತ್ತುತ್ತಿತ್ತು. ಮಗುವಿಗೆ ಎಣ್ಣೆ ಹಚ್ಚುವ ಹಾಗೆ, ಮಧ್ಯದಿಂದ ಹೊರಗೆ, ಮತ್ತೆ ಮಧ್ಯಕ್ಕೆ.

"ಸಿಟ್ಟಿಲ್ಲ ಕಣಯ್ಯ ನಿನ್ ಮೇಲೆ" ಎನ್ನುತ್ತಿದ್ದರು ಮುಖವಾಡಕ್ಕೆ, ತಮ್ಮದೇ ಹುಬ್ಬನ್ನು ಸವರುತ್ತ. "ಕೆಟ್ಟೋನೇನಲ್ಲ ನೀನು. ಸ್ವಲ್ಪ ಜಂಭ. ಯಾರೂ ಪ್ರೀತಿ ಮಾಡಲ್ಲ ಅನ್ನೋ ಭಯ ಇತ್ತು ನಿಂಗೆ, ಅದಕ್ಕೇ ಡಬ್ಬಿ ತೆಗೆಸ್ತಿದ್ದೆ. ನಂಗೆ ಗೊತ್ತಿತ್ತು. ಆಯ್ತು ಬಿಡು. ಫ್ಯಾನು ನೀನೇ ಇಟ್ಕೋ."

ಇಪ್ಪತ್ತೆರಡು ವರ್ಷ ಮಡಚದಂತೆ, ಬಿರಿಯದಂತೆ, ಅಂಟದಂತೆ ಕಾಯ್ದದ್ದು ಈ ಹೆಬ್ಬೆರಳಿಗಾಗಿಯೇ ಎಂದು ಅನ್ನಿಸಿದ್ದಿದ್ದರೆ ಚೆನ್ನಾಗಿತ್ತು. ಮಲ್ಲಿಕ್‌ಗೆ ಅಂಥದ್ದೇನೂ ಅನ್ನಿಸಲಿಲ್ಲ. ಮೂಗಿನ ಪಕ್ಕದಲ್ಲಿ ಎಣ್ಣೆ ಇಳಿಯುವುದನ್ನು ನೋಡಿ ಕಪಾಟಿನಲ್ಲಿ ಖಾಲಿಯಾಗುವ ಜಾಗ ನೆನಪಾಯಿತು. ವೀಣಾಳ ಹೊಲಿಗೆ ಯಂತ್ರ ಅಲ್ಲಿ ಹಿಡಿಸುತ್ತದೆಯೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದ. ಆಮೇಲೆ ತನ್ನ ಧ್ವನಿಯೇ ತನಗೆ ಕೇಳಿಸಿತು.

"ಕೆನ್ನೆಗೂ ಸ್ವಲ್ಪ ಹಚ್ಚಿ ಸಾರ್. ಒಣಗಿದೆ."

"ಹೌದಲ್ಲಾ" ಎಂದರು ಗಣಪಯ್ಯನವರು. "ಇವನು ನಮ್ಮನೇಲೇ ಇರ್ಲಿ ಮಾರಾಯ. ನಿಂಗೇನು ತೊಂದ್ರೆ ಇಲ್ವಲ್ಲ?"

"ಇಲ್ಲ ಸಾರ್."

ಕಾಶಮ್ಮ ಅವನನ್ನು ಗೇಟಿನವರೆಗೆ ಕಳಿಸಲು ಬಂದರು. ಬೈಸಿಕೊಳ್ಳಲು ಅವನು ಸಿದ್ಧನಾದ. ಒಂದು ರೀತಿಯಲ್ಲಿ ಕಾತರದಿಂದಲೇ ಸಿದ್ಧನಾದ. ಇಲ್ಲಾದರೂ ಯಾರಾದರೂ ಬೈಯಲಿ. ಗೇಟಿನ ಚಿಲಕ ಹಿಡಿದು ಕಾಶಮ್ಮ ಮನೆಯ ಕಡೆ ಒಮ್ಮೆ ತಿರುಗಿ ನೋಡಿ, ಧ್ವನಿ ತಗ್ಗಿಸಿದರು.

"ಎಲ್ಲಿ ಹೇಳ್ಬಿಡ್ತೀಯೋ ಅಂತ ಜೀವ ಕೈಲಿ ಹಿಡ್ಕೊಂಡಿದ್ದೆ ಕಣಪ್ಪ."

"ಹೇಳ್ಬೇಕು ಅಂತಲೇ ಬಂದಿದ್ದೆ ಅಮ್ಮ. ತಪ್ಪಾಯ್ತು ಅಂತ."

"ಏನು ತಪ್ಪು? ಅವತ್ತು ನಾನೂ ಹಿಂದೆ ಹೆಂಗಸರ ಸಾಲಲ್ಲಿ ಕೂತಿದ್ದೆ. ನೀನು ಡಬ್ಬಿ ಮೂಸಿದ್ ತಕ್ಷಣ ಸೆರಗು ಬಾಯಿಗೆ ತುರುಕ್ಕೊಂಡೆ. ಮನೆಗೆ ಬಂದು ಇವರು 'ಶಿವಯೋಗಪ್ಪನ್ನ ಹೆಂಗೆ ಇಳಿಸ್ಬಿಟ್ಟ ಆ ಹುಡುಗ' ಅಂತಾರೆ! ನನಗೆ ನಗು ತಡಿಯಕ್ಕಾಗಲಿಲ್ಲ. ನಾನೂ ನಕ್ಕೆ. ಅವರು ಶಿವಯೋಗಪ್ಪಂಗೆ ನಗ್ತಿದ್ರು, ನಾನು ಇವರಿಗೆ ನಗ್ತಿದ್ದೆ. ಹೇಳೋಣ ಹೇಳೋಣ ಅಂತ ಇವತ್ತಿನವರೆಗೂ ಬಂತು." ಕಣ್ಣಿನ ತುದಿಯನ್ನು ಸೆರಗಿನಿಂದ ಒತ್ತಿಕೊಂಡರು. "ಎಣ್ಣೆ ತಂದಾಗ ನೀನು ಎದ್ದು ನಿಂತ್ಯಲ್ಲ, ಯಾಕೆ?"

"ಎಣ್ಣೆ ತಾಗಿದ್ರೆ ಕರಗುತ್ತೆ ಅಮ್ಮ. ಒಂದು ತಿಂಗಳು. ಮೂಗು ಮೊದಲು ಜೋಲುತ್ತೆ, ಆಮೇಲೆ ಗದ್ದ."

"ಅಯ್ಯೋ. ಅವರಿಗೆ ಏನು ಹೇಳ್ಲಿ ನಾನು?"

"ನೀವು ಅಷ್ಟು ಪ್ರೀತಿಯಿಂದ ಮಾತಾಡ್ಸಿದ್ರಲ್ಲ, ಶಿವಯೋಗಪ್ಪ ಕರಗಿಹೋದ ಅನ್ನಿ."

ಅವನು ಗಂಭೀರವಾಗಿಯೇ ಹೇಳಿದ್ದ. ಕಾಶಮ್ಮ ಅವನನ್ನು ನೋಡಿದರು. ಮೊದಲು ಅವರ ಭುಜ ಕುಲುಕಿತು, ಆಮೇಲೆ ಗೇಟು ಕುಲುಕಿತು. ಅವರ ನಗು ಅಂಟಿಕೊಂಡು ಮಲ್ಲಿಕ್‌ಗೂ ಬಂತು. ತಡೆಯಲು ಹೋದರೆ ಮೂಗಿನಿಂದ ಬಂತು. ಇಬ್ಬರೂ ಗೇಟು ಹಿಡಿದುಕೊಂಡು ಬಗ್ಗಿದರು.

"ಯಾರೇ ಅದು, ಏನದು ನಗು?" ಎಂದು ಒಳಗಿನಿಂದ ಗಣಪಯ್ಯನವರ ಕೂಗು ಬಂತು.

"ಶಿವಯೋಗಪ್ಪನ ವಿಷಯ ಕಣ್ರೀ!" ಎಂದರು ಕಾಶಮ್ಮ, ಉಸಿರು ಹಿಡಿದು.

ಒಳಗಿನಿಂದಲೂ ನಗು ಬಂತು, ಕೆಮ್ಮಿನೊಂದಿಗೆ, ಕುರ್ಚಿಯ ಕಿರುಗುಟ್ಟುವಿಕೆಯೊಂದಿಗೆ. ಕಾಶಮ್ಮ ಚಿಲಕ ಹಾಕುತ್ತ, "ಮುಂದಿನ ತಿಂಗಳು ಬಾ. ಮೂಗು ಎಲ್ಲೀವರೆಗೆ ಇಳೀತು ನೋಡ್ಕೊಂಡು ಹೋಗು. ಹೆಂಡತೀನೂ ಕರ್ಕೊಂಡು ಬಾ" ಎಂದರು.

"ಬರ್ತೀನಿ ಅಮ್ಮ" ಎಂದ ಮಲ್ಲಿಕ್. ಬಸ್‌ಸ್ಟ್ಯಾಂಡಿನ ದಾರಿ ಹಿಡಿದ ಮೇಲೂ, ತುಂಬಾ ಹಗುರವಾಗಿದ್ದ ಎರಡು ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.